ಲ್ಯಾಪ್‌ಟಾಪಿನ ಬೀಸಣಿಗೆ ಮತ್ತು ಮನೆಯ ಧ್ವನಿಮುದ್ರಣ

ಧ್ವನಿಮುದ್ರಣಾಲಯಗಳಲ್ಲಿ ಹಾಡುವ ಕೋಣೆಗೂ ಯಂತ್ರಗಳಿರುವ ಕೋಣೆಗೂ ನಡುವೆ ದಪ್ಪ ಗಾಜಿನ ತಡೆಯಿರುತ್ತದೆ. ಇಬ್ಬದಿಯವರು ಒಬ್ಬರಿಗೊಬ್ಬರು ಕಾಣಬೇಕು, ಆದರೆ ಯಂತ್ರಗಳ ಸದ್ದು ಮೈಕಿಗೆ ಮುಟ್ಟಬಾರದು ಎಂಬುದೇ ಅದರ ಉದ್ದೇಶ. ಸಂಯೋಜನೆ, ಮುದ್ರಣ, ಮಿಶ್ರಣ ಮೂರನ್ನೂ ಮನೆಯ ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ನಡೆಸುವ ಕ್ರಮ ಬಂದ ಮೇಲೆ ಈ ತಡೆ ಇಲ್ಲವಾಗಿ, ಮುದ್ರಣಯಂತ್ರವೇ ಗಾಯಕರ ಮಗ್ಗುಲಿಗೆ ಬಂದು ಕುಳಿತಿದೆ. ಹೊರಗಿನ ವಾಹನಗಳ ಸದ್ದಿಗೆ ಕಿಟಕಿ ಮುಚ್ಚಬಹುದು, ಸೂರಿನ ಫ್ಯಾನನ್ನು ಆರಿಸಬಹುದು. ಲ್ಯಾಪ್‌ಟಾಪಿನೊಳಗಿನ ಬೀಸಣಿಗೆಯನ್ನು ಮಾತ್ರ ಹಾಗೆ ಆರಿಸಲಾಗದು. ಅಷ್ಟೇ ಅಲ್ಲ, ಕಿಟಕಿ ಮುಚ್ಚಿ ಫ್ಯಾನ್ ಆರಿಸಿದ ಕೋಣೆ ಬೇಗ ಬಿಸಿಯಾಗುವುದರಿಂದ ಆ ಪುಟ್ಟ ಬೀಸಣಿಗೆ ಇನ್ನಷ್ಟು ಜೋರಾಗಿ ತಿರುಗತೊಡಗುತ್ತದೆ.

ಈ ಸದ್ದಿನಲ್ಲಿ ಎರಡು ಭಾಗಗಳಿವೆ. ಇಕ್ಕಟ್ಟಾದ ಲೋಹದ ಸೀಳುಗಳ ನಡುವೆ ಗಾಳಿ ನುಗ್ಗುವಾಗ ಏಳುವ, ನಿರ್ದಿಷ್ಟ ಸ್ವರವಿಲ್ಲದ ‘ಸುಯ್’ ಎಂಬ ಶಬ್ದ ಒಂದು. ಬೀಸಣಿಗೆಯ ಎಸಳುಗಳು ಗಾಳಿಯನ್ನು ಕ್ರಮಬದ್ಧವಾಗಿ ಕತ್ತರಿಸುವುದರಿಂದ ಹುಟ್ಟುವ, ಸ್ಪಷ್ಟ ಸ್ವರವುಳ್ಳ ಸಿಳ್ಳು ಇನ್ನೊಂದು. ಎಸಳುಗಳ ಸಂಖ್ಯೆಯನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 60ರಿಂದ ಭಾಗಿಸಿದರೆ ಈ ಸಿಳ್ಳಿನ ಆವರ್ತಾಂಕ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ದೊರೆಯುತ್ತದೆ. 30 ಎಸಳುಗಳ ಬೀಸಣಿಗೆ ನಿಮಿಷಕ್ಕೆ 4,200 ಸುತ್ತು ತಿರುಗಿದರೆ ಅದು 2,100 ಹರ್ಟ್ಜ್ ಆಗುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿ ಗ್ರಹಿಸುವ ವಲಯ ಶುರುವಾಗುವುದೂ ಅಲ್ಲಿಂದಲೇ. ಬಿಸಿ ಏರಿದಂತೆ ವೇಗವೂ ಏರುವುದರಿಂದ ಈ ಸ್ವರ ಒಂದೆಡೆ ನಿಲ್ಲದೆ ಜಾರುತ್ತ ಹೋಗುತ್ತದೆ. ಶ್ರುತಿಯನ್ನೇ ಆಧಾರವಾಗಿಟ್ಟುಕೊಂಡ ನಮ್ಮ ಸಂಗೀತಕ್ಕೆ ಇದಕ್ಕಿಂತ ಒಗ್ಗದ ನೆರೆ ಮತ್ತೊಂದಿಲ್ಲ.

ತಂಬೂರಿಯ ಮುದ್ರಣದಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ ಜೀವಾಳವೆಂಬ ಎಳೆನೂಲು, ತಂತಿ ಮತ್ತು ಕುದುರೆಗಳ ಸ್ಪರ್ಶವನ್ನು ಹದಗೊಳಿಸಿ, ಮೂಲಸ್ವರದ ಮೇಲೆ ಹಲವು ಉಪಸ್ವರಗಳು ಅರಳುವಂತೆ ಮಾಡುತ್ತದೆ. ಮೀಟಿದ ಕ್ಷಣದಲ್ಲಿ ಅವು ಬೀಸಣಿಗೆಯ ಸದ್ದನ್ನು ಮೀರಿ ನಿಂತರೂ, ನಾದ ಕರಗುತ್ತ ಬಂದಂತೆ ಒಂದು ಹಂತದಲ್ಲಿ ಆ ಸದ್ದಿನ ಮಟ್ಟಕ್ಕೇ ಇಳಿದು ಅದರಲ್ಲಿ ಮುಳುಗುತ್ತವೆ. ಕೇಳುಗರಿಗೆ ತಂಬೂರಿಯ ಸೊಗಸು ಸಿಗುವುದು ಆ ಕೊನೆಯಲ್ಲೇ. ಮುಂದೆ ಮಿಶ್ರಣದಲ್ಲಿ ಕಂಪ್ರೆಸರನ್ನು, ಅಂದರೆ ದೊಡ್ಡ ದನಿಯನ್ನು ತಗ್ಗಿಸಿ ಒಟ್ಟು ಮಟ್ಟವನ್ನು ಏರಿಸುವ ಸಾಧನವನ್ನು ಬಳಸಿ 10 ಡೆಸಿಬೆಲ್ ಎತ್ತಿದರೆ, ಹಾಡಿನ ಬಿಡುವುಗಳಲ್ಲಿ ಅಡಗಿದ್ದ ಸದ್ದೂ 10 ಡೆಸಿಬೆಲ್ ಮೇಲೇಳುತ್ತದೆ. ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಎಂಟು ದನಿಗಳನ್ನು ಮುದ್ರಿಸಿ ಸಮನಾಗಿ ಕೂಡಿಸಿದರೆ ಸುಯ್ಲು ಸುಮಾರು 9 ಡೆಸಿಬೆಲ್ ಬೆಳೆದಿರುತ್ತದೆ.

ಬೀಸಣಿಗೆಯ ಸದ್ದು ಮೂಲತಃ ಬಿಸಿಯ ಸಮಸ್ಯೆಯಾದ್ದರಿಂದ ಪರಿಹಾರವೂ ಅಲ್ಲಿಂದಲೇ ಆರಂಭವಾಗಬೇಕು. ಪ್ರೊಸೆಸರು ಬಳಸುವ ವಿದ್ಯುತ್ತು ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಟರ್ಬೊ ಎಂಬ ತಾತ್ಕಾಲಿಕ ವೇಗವರ್ಧನೆ ಇವೆರಡನ್ನೂ ಹೆಚ್ಚಿಸುವುದರಿಂದ ಸ್ವಲ್ಪ ವೇಗಕ್ಕೆ ಬಹಳ ಬಿಸಿಯನ್ನು ತೆರಬೇಕಾಗುತ್ತದೆ. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ. 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ಬಫರ್, ಅಂದರೆ ಧ್ವನಿಯ ತುಣುಕುಗಳನ್ನು ಒಮ್ಮೆಗೆ ಎಷ್ಟೆಂದು ಒಟ್ಟುಮಾಡಿ ಸಂಸ್ಕರಿಸಬೇಕೆಂಬ ಲೆಕ್ಕ, ಇನ್ನೊಂದು ಮುಖ್ಯ ಹಿಡಿಕೆ. 44,100 ಹರ್ಟ್ಜ್ ಮುದ್ರಣದಲ್ಲಿ 64 ಮಾದರಿಗಳ ಬಫರೆಂದರೆ ಸುಮಾರು 1.5 ಮಿಲಿಸೆಕೆಂಡು, 1,024 ಎಂದರೆ ಸುಮಾರು 23 ಮಿಲಿಸೆಕೆಂಡು. ಬಫರ್ ಚಿಕ್ಕದಾದಷ್ಟೂ ಪ್ರೊಸೆಸರಿಗೆ ಬಿಡುವು ಕಡಿಮೆ. ಗಾಯಕರು ತಮ್ಮ ದನಿಯನ್ನು ಲ್ಯಾಪ್‌ಟಾಪಿನ ಮೂಲಕವಲ್ಲದೆ, ಮೈಕನ್ನು ಅದಕ್ಕೆ ಜೋಡಿಸುವ ಆಡಿಯೊ ಇಂಟರ್‌ಫೇಸಿನಿಂದ ನೇರವಾಗಿ ಕೇಳಿಸಿಕೊಂಡರೆ ದೊಡ್ಡ ಬಫರಿನಲ್ಲೂ ತಡವೆನಿಸುವುದಿಲ್ಲ. ಪಕ್ಕವಾದ್ಯಗಳು ಸಾಫ್ಟ್‌ವೇರಿನಲ್ಲಿ ನುಡಿಯುವಂಥವಾಗಿದ್ದರೆ, ಮುದ್ರಣಕ್ಕೆ ಮುಂಚೆಯೇ ಅವನ್ನು ‘ಫ್ರೀಜ್’ ಮಾಡಿ ಸಿದ್ಧ ಧ್ವನಿಕಡತವಾಗಿಸಿಕೊಳ್ಳುವುದು ಎಲ್ಲಕ್ಕಿಂತ ಫಲಕಾರಿ. ಬೀಸಣಿಗೆಯ ಧ್ವನಿಶಕ್ತಿ ವೇಗದ ಸರಿಸುಮಾರು ಐದನೆಯ ಘಾತದಲ್ಲಿ ಬದಲಾಗುವುದರಿಂದ, ವೇಗ ಶೇ. 20ರಷ್ಟು ತಗ್ಗಿದರೆ ಸದ್ದು ಸುಮಾರು 5 ಡೆಸಿಬೆಲ್, ಅರ್ಧಕ್ಕೆ ಇಳಿದರೆ ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ.

ಉಳಿದ ಸದ್ದನ್ನು ದೂರದಿಂದಲೂ ದಿಕ್ಕಿನಿಂದಲೂ ನಿಭಾಯಿಸಬೇಕು. ಬಾಯಿ ಮತ್ತು ಮೈಕಿನ ಅಂತರವನ್ನು 30 ಸೆಂಟಿಮೀಟರಿನಿಂದ 15ಕ್ಕೆ ಇಳಿಸಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಬೀಸಣಿಗೆ ಇದ್ದಲ್ಲೇ ಇರುತ್ತದೆ. ಹೃದಯಾಕಾರದ ಗ್ರಹಣವ್ಯಾಪ್ತಿಯ ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನ ಸದ್ದನ್ನು ಅತಿ ಕಡಿಮೆ ಹಿಡಿಯುವುದರಿಂದ ಲ್ಯಾಪ್‌ಟಾಪಿಗೆ ಸರಿಯಾದ ಜಾಗ ಅದೇ. ಇಲ್ಲಿ ಹಲವರು ಎಡವುವುದು ಸದ್ದು ಹೀರಿಕೊಳ್ಳಲೆಂದು ಬಟ್ಟೆ ತೂಗುಹಾಕುವ ಜಾಗದ ವಿಷಯದಲ್ಲಿ. ಮೈಕಿನ ಮುಖ ಗಾಯಕರ ಕಡೆಗೂ ಅವರ ಹಿಂದಿನ ಗೋಡೆಯ ಕಡೆಗೂ ಇರುವುದರಿಂದ, ಆ ಗೋಡೆಗೆ ಬಡಿದು ಮರಳುವ ಬೀಸಣಿಗೆಯ ಸದ್ದು ನೇರವಾಗಿ ಮೈಕಿನ ಬಾಯಿಗೇ ಬೀಳುತ್ತದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿಯೊಂದನ್ನು ಗಾಯಕರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ತೂಗುಬಿಟ್ಟರೆ ಮೇಲಿನ ಆವರ್ತಾಂಕಗಳ ಸದ್ದನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಅನುಕೂಲವಿದ್ದರೆ ಲ್ಯಾಪ್‌ಟಾಪನ್ನು ಪಕ್ಕದ ಕೋಣೆಯಲ್ಲಿಟ್ಟು ಮೈಕಿನ ತಂತಿಯನ್ನಷ್ಟೇ ಬಾಗಿಲಿನಡಿ ತರುವುದು ಮೇಲು. ಏಕೆಂದರೆ ಯುಎಸ್‌ಬಿ 2.0 ತಂತಿಯ ಮಿತಿ 5 ಮೀಟರು, ಆದರೆ ಬ್ಯಾಲೆನ್ಸ್‌ಡ್ ಮೈಕ್ ತಂತಿ ಹತ್ತಾರು ಮೀಟರು ಸಾಗಬಲ್ಲದು.

ಮುದ್ರಿಸಿದ ಮೇಲೆ ಸಾಫ್ಟ್‌ವೇರಿನಿಂದ ಸದ್ದು ತೆಗೆಯುವ ವಿಧಾನ ಕೊನೆಯ ಆಸರೆ ಮಾತ್ರ. 1979ರಲ್ಲಿ ಸ್ಟೀವನ್ ಬೋಲ್ ವಿವರಿಸಿದ ವರ್ಣಪಟಲ ವ್ಯವಕಲನವೆಂಬ ತಂತ್ರವು ಬರಿಯ ಸದ್ದಿನ ಮಾದರಿಯನ್ನು ಅಳೆದು, ಅದನ್ನು ಇಡೀ ಮುದ್ರಣದಿಂದ ಆವರ್ತಾಂಕವಾರು ಕಳೆಯುತ್ತದೆ. ಮಾತಿನ ಮುದ್ರಣಕ್ಕೆ ಅದು ಒದಗುತ್ತದೆ. ಆದರೆ ತಂಬೂರಿಯ ಕರಗುವ ನಾದವನ್ನೂ ಸದ್ದೆಂದೇ ಬಗೆದು ಕತ್ತರಿಸಿ, ನೀರೊಳಗಿನ ಗುಳುಗುಳು ದನಿಯಂಥ ಚೂರುಗಳನ್ನು ಉಳಿಸುವ ಅಪಾಯವಿದೆ.

ಸದ್ದಡಗಿಸಲೆಂದು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡುವುದು, ಪೆಟ್ಟಿಗೆಯಲ್ಲಿ ಮುಚ್ಚುವುದು, ಬೀಸಣಿಗೆಯನ್ನೇ ನಿಲ್ಲಿಸುವುದು ಎಂದಿಗೂ ಸಲ್ಲದು. ಬಿಸಿ ಮಿತಿ ಮೀರಿದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಮುದ್ರಣದಲ್ಲಿ ಚಟಪಟ ಸದ್ದು, ಕಡಿತಗಳು ಕಾಣಿಸಿಕೊಳ್ಳುತ್ತವೆ. 2020ರ ಕೊನೆಗೆ ಬಂದ ಎಂ1 ಮ್ಯಾಕ್‌ಬುಕ್ ಏರ್‌ನಂಥ ಬೀಸಣಿಗೆಯೇ ಇಲ್ಲದ ಯಂತ್ರಗಳೂ ದೀರ್ಘ ಹೊರೆಯಲ್ಲಿ ಹೀಗೆಯೇ ನಿಧಾನವಾಗುತ್ತವೆ. ಗಾಳಿಕಿಂಡಿಯ ಧೂಳನ್ನು ತೆಗೆಸಿ, ಯಂತ್ರದ ಹಿಂಬದಿಯನ್ನು ಎರಡು ಬೆರಳಷ್ಟು ಎತ್ತರಿಸಿ, ಹಾಡುವ ಮೊದಲು ಅರ್ಧ ನಿಮಿಷ ಖಾಲಿ ಕೋಣೆಯನ್ನಷ್ಟೇ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ ನೋಡಿರಿ. ಅದರಲ್ಲಿ ಸಿಳ್ಳು ಕೇಳಿಸಿದರೆ ಮೈಕನ್ನೋ ಲ್ಯಾಪ್‌ಟಾಪನ್ನೋ ಸರಿಸಿದ ಬಳಿಕವೇ ಶ್ರುತಿ ಹಿಡಿಯಿರಿ.