ಅಗ್ನಿಶಾಮಕನ ದಕ್ಷತೆ: ಕೆಲವು ವೈಯಕ್ತಿಕ ಕಾರಣಗಳು

1944ನೆಯ ಇಸವಿ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ, ಹತ್ತಿಯ ಅಂಡಿಗೆಗಳನ್ನೂ ಸಿಡಿಮದ್ದನ್ನೂ ಹೊತ್ತು ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ಅದನ್ನು ನಂದಿಸಲು ಹೋದ ಅಗ್ನಿಶಾಮಕರಲ್ಲಿ 66 ಮಂದಿ ಪ್ರಾಣ ತೆತ್ತರು. ದೇಶವು ಆ ದಿನವನ್ನು ಇಂದಿಗೂ ಅವರ ಸ್ಮರಣೆಗೆ ಮೀಸಲಿಟ್ಟಿದೆ. ಅವರ ಧೈರ್ಯವನ್ನು ಕೊಂಡಾಡುವುದು ಉಚಿತವೇ ಸರಿ. ಆದರೆ ಧೈರ್ಯವು ದಕ್ಷತೆಯಾಗಿ ಪರಿಣಮಿಸಲು ಮನುಷ್ಯನಲ್ಲಿ ಮತ್ತೇನಿರಬೇಕೆಂಬ ವಿಚಾರವೂ ಅಷ್ಟೇ ಅವಶ್ಯವಾದುದು.

ಮೊದಲನೆಯದು ದೇಹಸ್ಥಿತಿ. ರಕ್ಷಣೆಯ ದಪ್ಪ ಉಡುಪು ಹೊರಗಿನ ಬಿಸಿಯನ್ನು ತಡೆಯುವಂತೆಯೇ ಮೈಯ ಬಿಸಿಯನ್ನೂ ಹೊರಗೆ ಬಿಡದು. ಬೆವರು ಆರದೆ ತಾಪ ಏರುತ್ತದೆ. ಹೃದಯದ ಬಡಿತ ತನ್ನ ಪರಮಾವಧಿಯನ್ನು ಸಮೀಪಿಸುತ್ತದೆ. ಅಮೆರಿಕದಲ್ಲಿ ಕರ್ತವ್ಯನಿರತ ಅಗ್ನಿಶಾಮಕರ ಮರಣಗಳಲ್ಲಿ ಸುಮಾರು ಶೇಕಡಾ 45ಕ್ಕೆ ಹೃದ್ರೋಗವೇ ಕಾರಣವೆಂದು 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಉಸಿರಾಟದ ಸಿಲಿಂಡರಿನಲ್ಲಿ ಎಲ್ಲರಿಗೂ ಒಂದೇ ಅಳತೆಯ ಗಾಳಿಯಿದ್ದರೂ, ಕಸುವಿಲ್ಲದವನೂ ಗಾಬರಿಗೊಂಡವನೂ ಅದನ್ನು ಬೇಗನೆ ಮುಗಿಸಿಬಿಡುತ್ತಾರೆ.

ಎರಡನೆಯದು ಅನುಭವ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಅಗ್ನಿಶಾಮಕ ನಾಯಕರನ್ನು ವಿಚಾರಿಸಿ ಕಂಡುಕೊಂಡಂತೆ, ನುರಿತವನು ಹಲವು ಉಪಾಯಗಳನ್ನು ತೂಗಿ ನೋಡುತ್ತ ನಿಲ್ಲುವುದು ಅಪರೂಪ. ಹಿಂದೆ ಕಂಡ ಪ್ರಸಂಗದ ಹೋಲಿಕೆಯನ್ನು ಗುರುತಿಸಿ ಒಡನೆಯೇ ಕಾರ್ಯಕ್ಕೆ ತೊಡಗುತ್ತಾನೆ. ಕಾರ್ಖಾನೆಯ ಅಗ್ನಿಶಾಮಕನ ತೊಡಕಿರುವುದು ಇಲ್ಲಿಯೇ. ಅವನಿಗೆ ವರ್ಷಗಟ್ಟಲೆ ದೊಡ್ಡ ಬೆಂಕಿಯೇ ಎದುರಾಗದಿರಬಹುದು. ಎದುರಾದಾಗಲಾದರೋ ಅದು ಎಣ್ಣೆಯ ಟ್ಯಾಂಕಿನದಾಗಿರಬಹುದು. ಉರಿಯುವ ಎಣ್ಣೆಗೆ ನೀರಿನ ಧಾರೆ ಬಿಟ್ಟರೆ ಅದು ಉಕ್ಕಿ ಹರಡುತ್ತದೆ. ಅಲ್ಲಿ ನೊರೆ ಬೇಕು, ಎಣ್ಣೆ ಬರುವ ಕೊಳವೆಯನ್ನು ಎಲ್ಲಿ ಮುಚ್ಚಬೇಕೆಂಬ ತಿಳಿವಳಿಕೆ ಬೇಕು. ದೊರೆಯದ ಅನುಭವದ ಸ್ಥಾನವನ್ನು ತಕ್ಕಮಟ್ಟಿಗೆ ತುಂಬಬಲ್ಲದ್ದು ಆಯಾ ಸ್ಥಳದಲ್ಲಿಯೇ ಮತ್ತೆ ಮತ್ತೆ ನಡೆಸುವ ಅಭ್ಯಾಸವೊಂದೇ.

ಮೂರನೆಯದು ನಿದ್ರೆ. ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಕುಡಿದು ಬಂದವನನ್ನು ಯಾವ ಮೇಲ್ವಿಚಾರಕನೂ ಬೆಂಕಿಯ ಮುಂದೆ ನಿಲ್ಲಿಸನು. ಎರಡು ಪಾಳಿ ದುಡಿದವನನ್ನಾದರೋ ನಿಲ್ಲಿಸಲು ಹಿಂಜರಿಯದವರುಂಟು. ‘ಇಂದು ನನ್ನಿಂದಾಗದು’ ಎಂದು ಹೇಳಿದವನನ್ನು ಹೇಡಿಯೆಂದು ಜರೆಯುವ ದಳದಲ್ಲಿ ಆ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಅಪಾಯವು ಜೊತೆಗಾರನಿಗೂ ತಗಲುತ್ತದೆ.

ಪಂಪು, ಕೊಳವೆ, ವಾಹನಗಳ ಬೆಲೆ ಸಂಸ್ಥೆಯ ಆಸ್ತಿಯ ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಅವುಗಳ ತಪಾಸಣೆಗೆ ತಾರೀಖೂ ಗೊತ್ತಾಗಿರುತ್ತದೆ. ಅವುಗಳನ್ನು ಹಿಡಿಯುವವನ ಹೃದಯಪರೀಕ್ಷೆ, ವಿಶ್ರಾಂತಿ, ಅಭ್ಯಾಸಗಳಿಗೂ ಅಂತಹುದೇ ತಾರೀಖು ಗೊತ್ತಾಗಬೇಕು.