ಲಾಲಾರಸದ ಸ್ರಾವವೂ ಪೊಟ್ಯಾಸಿಯಂ ದ್ವಾರಗಳೂ

ಲಾಲಾರಸವು ರಕ್ತದಿಂದ ಸೋಸಿ ಬಂದ ನೀರೆಂದು ಹಿಂದೆ ಎಣಿಸುತ್ತಿದ್ದುದುಂಟು. ೧೮೫೧ರಲ್ಲಿ ಜರ್ಮನ್ ಶಾರೀರಶಾಸ್ತ್ರಜ್ಞನಾದ ಕಾರ್ಲ್ ಲುಡ್ವಿಗನು ನಾಯಿಯ ಲಾಲಾಗ್ರಂಥಿಯ ನರವನ್ನು ಕೆರಳಿಸಿ, ಗ್ರಂಥಿನಾಳದ ಒತ್ತಡವು ರಕ್ತದ ಒತ್ತಡವನ್ನೂ ಮೀರಬಲ್ಲುದೆಂದು ತೋರಿಸಿದನು. ಆದುದರಿಂದ ಸ್ರಾವವು ಗ್ರಂಥಿಯ ಜೀವಕಣಗಳದೇ ಕಾರ್ಯವೆಂದು ಸಿದ್ಧವಾಯಿತು.

ಆ ಕಾರ್ಯದ ಬಗೆ ಹೀಗಿದೆ. ನರದ ಪ್ರೇರಣೆಯಿಂದ ಜೀವಕಣದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ. ಆಗ ರಸವು ಕೂಡುವ ಕುಹರದ ಕಡೆಯ ಪೊರೆಯಲ್ಲಿ ಕ್ಲೋರೈಡ್ ದ್ವಾರಗಳು ತೆರೆದು, ಋಣವಿದ್ಯುತ್ತುಳ್ಳ ಕ್ಲೋರೈಡ್ ಹೊರಕ್ಕೆ ಹರಿಯುತ್ತದೆ. ಅದನ್ನನುಸರಿಸಿ ಜೀವಕಣಗಳ ನಡುವಣ ಸಂದುಗಳಿಂದ ಸೋಡಿಯಮೂ, ಇವೆರಡರ ಹಿಂದೆ ನೀರೂ ಕುಹರವನ್ನು ಸೇರುತ್ತವೆ.

ಆದರೆ ಕ್ಲೋರೈಡ್ ಹೊರಟಷ್ಟೂ ಜೀವಕಣದ ಒಳಗಿನ ಋಣಭಾವವು ಕುಗ್ಗಿ, ಕ್ಲೋರೈಡನ್ನು ಹೊರದೂಡುವ ಬಲವೇ ಇಲ್ಲವಾಗಬೇಕಷ್ಟೆ. ಇದನ್ನು ತಡೆಯುವುವೇ ಪೊಟ್ಯಾಸಿಯಂ ದ್ವಾರಗಳು. ಇವು ಮುಖ್ಯವಾಗಿ ರಕ್ತದ ಕಡೆಯ ಪೊರೆಯಲ್ಲಿದ್ದು, ಅದೇ ಕ್ಯಾಲ್ಸಿಯಮಿನಿಂದ ತೆರೆದು, ಧನವಿದ್ಯುತ್ತುಳ್ಳ ಪೊಟ್ಯಾಸಿಯಮನ್ನು ಹೊರಬಿಟ್ಟು, ಒಳಗಿನ ಋಣಭಾವವನ್ನು ಉಳಿಸುತ್ತವೆ. ೧೯೮೩ರಲ್ಲಿ ಮಾರುಯಾಮನೂ ಅವನ ಸಂಗಡಿಗರೂ ಲಾಲಾಗ್ರಂಥಿಯಲ್ಲಿ ಇಂತಹ ಒಂದೊಂದು ದ್ವಾರದ ವಿದ್ಯುತ್ಪ್ರವಾಹವನ್ನು ನೇರವಾಗಿ ಅಳೆದರು.

ಕ್ಯಾಲ್ಸಿಯಮಿಗೆ ತೆರೆಯುವ ಈ ದ್ವಾರಗಳಲ್ಲಿ ಎರಡು ಬಗೆಗಳುಂಟು. ಇಲಿಗಳಲ್ಲಿ ಒಂದನ್ನು ಮಾತ್ರ ಇಲ್ಲವಾಗಿಸಿದರೆ ಮತ್ತೊಂದು ಸ್ರಾವವನ್ನು ನಡೆಯಿಸುತ್ತದೆ. ಎರಡೂ ಇಲ್ಲವಾದರೆ ಕಿವಿಯ ಬುಡದ ಲಾಲಾಗ್ರಂಥಿಯ ರಸವು ಬಹಳವಾಗಿ ಕುಂದುತ್ತದೆಂದು ೨೦೦೬ರಲ್ಲಿ ತಿಳಿದುಬಂದಿತು.

ಹೀಗೆ, ಹೊರಬೀಳುವ ಪೊಟ್ಯಾಸಿಯಂ ಜೀವಕಣಕ್ಕೆ ವ್ಯರ್ಥವಾದ ನಷ್ಟವಲ್ಲ. ಬಾಯಲ್ಲಿ ನೀರೂರುವುದಕ್ಕಾಗಿ ಅದು ತೆರುವ ಸುಂಕವೆನ್ನಬಹುದು.