ಶಕ್ತಿನಗರದ ಚಿಮಣಿ, ದೆಹಲಿಯ ಗಡುವು

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಶುರುವಾಯಿತು. ಈಗ ಅಲ್ಲಿ ಎಂಟು ಘಟಕಗಳಿವೆ, ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಇನ್ನೆರಡು ಘಟಕಗಳಿವೆ. ಯರಮರಸ್ ಕೇಂದ್ರದ ಕಂಪನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಜೊತೆಗೆ ಬಾಯ್ಲರ್, ಟರ್ಬೈನ್ ತಯಾರಿಸುವ ಬಿಎಚ್‌ಇಎಲ್ ಕೂಡ ಪಾಲುದಾರ. ಎರಡೂ ಸರ್ಕಾರಿ ಕಂಪನಿಗಳೇ. ಪರಿಸರ ನೀತಿಯ ಮೇಲೆ ಕಂಪನಿಗಳ ಪ್ರಭಾವ ಎಂದೊಡನೆ ಖಾಸಗಿ ಉದ್ಯಮಗಳಷ್ಟೇ ನೆನಪಾಗುತ್ತವೆ. ಆದರೆ ಕಲ್ಲಿದ್ದಲಿನ ವಿಷಯದಲ್ಲಿ ಸರ್ಕಾರ ತಾನೇ ಕಂಪನಿ, ತಾನೇ ನಿಯಂತ್ರಕ.

ಭಾರತದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಹತ್ತು ಟನ್ ಸುಟ್ಟರೆ ಮೂರರಿಂದ ನಾಲ್ಕು ಟನ್ ಬೂದಿ ಉಳಿಯುತ್ತದೆ. ಅದರಲ್ಲಿ ಬಹುಪಾಲನ್ನು ಚಿಮಣಿಗೆ ಹೋಗುವ ಮೊದಲೇ ವಿದ್ಯುದಾವೇಶದ ತಗಡುಗಳು ಹಿಡಿದಿಡುತ್ತವೆ. ಹಾಗೆ ಹಿಡಿದದ್ದು ಸಿಮೆಂಟ್ ಕಾರ್ಖಾನೆಗೋ ಬೂದಿ ಹೊಂಡಕ್ಕೋ ಹೋಗುತ್ತದೆ. ಬೇಸಿಗೆಯಲ್ಲಿ ಹೊಂಡ ಒಣಗಿ ಗಾಳಿ ಎದ್ದರೆ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯ ಮೇಲೆ, ಬೆಳೆಯ ಎಲೆಯ ಮೇಲೆ ಬೂದಿ ಕೂರುತ್ತದೆ. ಬೆರಳಲ್ಲಿ ಒರೆಸಿದರೆ ಗೆರೆ ಮೂಡುತ್ತದೆ.

ಗಂಧಕದ ಡೈಆಕ್ಸೈಡ್ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಗಾಳಿಯಲ್ಲಿ ಅದು ಸಲ್ಫೇಟ್ ಎಂಬ ಅತಿಸೂಕ್ಷ್ಮ ಕಣವಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇದನ್ನು ತಡೆಯಲು ಹೊಗೆಯ ಮೇಲೆ ಸುಣ್ಣದ ಕಲ್ಲಿನ ಪುಡಿ ಬೆರೆಸಿದ ನೀರು ಸಿಂಪಡಿಸುವ ಯಂತ್ರವಿದೆ. ಅನಿಲ ಸುಣ್ಣದೊಂದಿಗೆ ಸೇರಿ ಜಿಪ್ಸಂ ಆಗುತ್ತದೆ. ಎಫ್‌ಜಿಡಿ ಎಂದು ಕರೆಯುವುದು ಇದನ್ನೇ.

2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕ, ಸಾರಜನಕದ ಆಕ್ಸೈಡು, ಪಾದರಸಗಳ ಮಿತಿ ಗೊತ್ತುಪಡಿಸಿ ಎರಡು ವರ್ಷದ ಗಡುವು ಕೊಟ್ಟಿತು. ಗಂಧಕದ ಗಡುವು ಮೊದಲು 2022ಕ್ಕೆ ಹೋಯಿತು, ಆಮೇಲೆ ಮತ್ತೆ ಮತ್ತೆ ಮುಂದಕ್ಕೆ ಸರಿಯಿತು. 2021ರಲ್ಲಿ ಸ್ಥಾವರಗಳನ್ನು ಅವು ಇರುವ ಜಾಗ ನೋಡಿ ಮೂರು ವರ್ಗ ಮಾಡಲಾಯಿತು. 2025ರ ಜುಲೈನಲ್ಲಿ, ದೊಡ್ಡ ನಗರ ಅಥವಾ ಗುರುತಿಸಿದ ಮಾಲಿನ್ಯ ಪ್ರದೇಶದಿಂದ ಹತ್ತು ಕಿಲೋಮೀಟರಿನಾಚೆ ಇರುವ ಸ್ಥಾವರಗಳಿಗೆ, ಚಿಮಣಿಯ ಎತ್ತರದ ಷರತ್ತಿನ ಮೇಲೆ, ಗಂಧಕದ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ದೇಶದ ಬಹುಪಾಲು ಘಟಕಗಳು ಈ ವರ್ಗಕ್ಕೇ ಸೇರುತ್ತವೆ.

ಉದ್ಯಮದ ವಾದ ಸರಳ: ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರ ದುಬಾರಿ, ಯೂನಿಟ್ಟಿಗೆ 25ರಿಂದ 30 ಪೈಸೆ ಏರುತ್ತದೆ. ಗಂಧಕ ಕಡಿಮೆ ಎಂಬುದು ನಿಜ. ಆದರೆ ಸುಡುವ ಪ್ರಮಾಣವೇ ಅಗಾಧವಾದ್ದರಿಂದ ಗಂಧಕದ ಡೈಆಕ್ಸೈಡ್ ಹೊರಸೂಸುವುದರಲ್ಲಿ ಭಾರತ ಜಗತ್ತಿಗೇ ಮೊದಲು. ದರದ ಮಾತನ್ನೂ ರಾಯಚೂರು ಜಿಲ್ಲೆಯ ಮಸರಕಲ್‌ನಂಥ ಊರಿನಿಂದ ನೋಡಬೇಕು. ಅಲ್ಲಿನ ರೈತನ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲನ್ನು ರಾಜ್ಯ ಸರ್ಕಾರವೇ ಭರಿಸುತ್ತದೆ, ಹಾಗಾಗಿ ಪೈಸೆ ಏರಿದರೆ ಅದು ಖಜಾನೆಯ ಲೆಕ್ಕಕ್ಕೆ ಬರುತ್ತದೆ. ಕೆಮ್ಮಿಗೆ ದವಾಖಾನೆಯಲ್ಲಿ ಸುರಿಯುವ ದುಡ್ಡು ಮನೆಯದು, ಅದು ಯೂನಿಟ್ ದರದ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಮುಂದೂಡಿಕೆಯ ಇಡೀ ಚರ್ಚೆಯಲ್ಲಿ ದೊಡ್ಡ ಅನ್ಯಾಯ ಇದೇ.

ಊರಿನವರಿಗೆ ಮಾತಾಡುವ ಅವಕಾಶವಿರುವುದು ಯೋಜನೆಯ ಪರಿಸರ ವಿಚಾರಣೆಯಲ್ಲಿ. 2006ರ ಅಧಿಸೂಚನೆಯ ಪ್ರಕಾರ ಹೊಸ ಸ್ಥಾವರಕ್ಕೂ ವಿಸ್ತರಣೆಗೂ ಸಾರ್ವಜನಿಕ ಆಲಿಕೆ ನಡೆಯಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ನಿಯಮವನ್ನೇ ಸಡಿಲಿಸುವಾಗ ಇಂಥ ಆಲಿಕೆ ಇಲ್ಲ. ಕಂಪನಿಗಳ ಸಂಘಗಳು ಸಚಿವಾಲಯಕ್ಕೆ ಮನವಿ ಕೊಟ್ಟು, ಸಭೆಗಳಲ್ಲಿ ಕೂತು ತಮ್ಮ ಮಾತು ಮುಟ್ಟಿಸುತ್ತವೆ. ಶಕ್ತಿನಗರದ ಪಕ್ಕದ ದೇವಸೂಗೂರಿನವರಿಗೆ ಆ ಸಭೆಯ ಸುದ್ದಿಯೂ ತಲುಪುವುದಿಲ್ಲ.

ಈ ಕೊರತೆ 2020ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2006ರ ನಿಯಮವನ್ನು ಬದಲಿಸುವ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬಂದಿತ್ತು. ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲವೆಂದು ಕರ್ನಾಟಕ ಹೈಕೋರ್ಟ್ ಆ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ಆದೇಶ ಕೊಟ್ಟಿತು. ಕರಡು ಅಂತಿಮವಾಗಲಿಲ್ಲ. ಆದರೆ ಅದರಲ್ಲಿದ್ದಂತೆಯೇ ಅನುಮತಿಯಿಲ್ಲದೆ ಶುರುವಾದ ಯೋಜನೆಗಳನ್ನು ಆಮೇಲೆ ಪರಿಶೀಲಿಸಿ ಸಕ್ರಮ ಮಾಡುವ ಕ್ರಮ 2021ರ ಜುಲೈನಲ್ಲಿ ಬರೀ ಕಚೇರಿ ಜ್ಞಾಪನದ ಮೂಲಕ ಜಾರಿಗೆ ಬಂತು, ಅದಕ್ಕೆ ಕರಡೂ ಬೇಕಾಗಲಿಲ್ಲ, ಕನ್ನಡವೂ ಬೇಕಾಗಲಿಲ್ಲ.